ಇಲ್ಲ ಎನ್ನಲಾಗದವರ ವ್ಯಾಪಾರ

ಎಮ್ಮೆ ಚಳಿಗಾಲದಲ್ಲಿ ಹೆಚ್ಚು ಹಾಲು ಕೊಡುತ್ತದೆ, ಬೇಸಿಗೆಯಲ್ಲಿ ಕಡಿಮೆ. ಮುಂಬಯಿಯ ಮನೆಗಳಿಗೆ ಮಾತ್ರ ವರ್ಷವಿಡೀ ಒಂದೇ ಅಳತೆಯ ಹಾಲು ಬೇಕು. 1946ರಲ್ಲಿ ನೋಂದಣಿಯಾದ ಗುಜರಾತಿನ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟ ಮುಂಬಯಿ ಸರಕಾರದ ಹಾಲು ಯೋಜನೆಗೆ ಹಾಲು ಕಳಿಸತೊಡಗಿದ ಮೇಲೆ ಎದುರಾದ ದೊಡ್ಡ ತಲೆನೋವು ಇದೇ. ಚಳಿಗಾಲ ಬಂತೆಂದರೆ ಅಲ್ಲಿಂದ 'ಸಾಕು, ಕಳಿಸಬೇಡಿ' ಎಂಬ ಸುದ್ದಿ. ಬೇರೆ ವ್ಯಾಪಾರಿಯಾಗಿದ್ದರೆ ಆ ಸುದ್ದಿಯನ್ನೇ ರೈತರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತಿದ್ದ. ಒಕ್ಕೂಟಕ್ಕೆ ಅದು ಆಗುವ ಮಾತಾಗಿರಲಿಲ್ಲ. ಹಾಲು ಹಾಕುವವರೇ ಅದರ ಒಡೆಯರು. ಬೆಳಗಾಗೆದ್ದು ಚೊಂಬು ಹಿಡಿದು ಬಂದ ಒಡೆಯನನ್ನು ನೌಕರ ವಾಪಸು ಕಳಿಸುವುದು ಹೇಗೆ?

ಹಾಗಾಗಿ ಹೆಚ್ಚುವರಿ ಹಾಲನ್ನು ಪುಡಿ ಮಾಡಿಡುವುದು ಅನಿವಾರ್ಯವಾಯಿತು. ಎಮ್ಮೆ ಹಾಲಿನಿಂದ ಪುಡಿ ತಯಾರಿಸುವುದು ಅಸಾಧ್ಯ ಎಂದು ಹೊರದೇಶದ ಡೇರಿ ತಜ್ಞರು ಆಗ ಹೇಳುತ್ತಿದ್ದರು. ಅವರ ದೇಶಗಳಲ್ಲಿ ಡೇರಿ ಎಂದರೆ ಹಸುವಿನ ಹಾಲು. ಎಮ್ಮೆ ಹಾಲಿನ ಪುಡಿ ಅವರಿಗೆ ಬೇಕೂ ಇರಲಿಲ್ಲ. ಒಕ್ಕೂಟದ ನೆಲೆಯಾದ ಆನಂದ್‌ನಲ್ಲಿ ಅದರ ಮ್ಯಾನೇಜರ್ ವರ್ಗೀಸ್ ಕುರಿಯನ್ ಜತೆಗಿದ್ದ ಎಚ್.ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ನೆಹರೂ ಬಂದು ಕಾರ್ಖಾನೆ ಉದ್ಘಾಟಿಸಿದರು. ಒಕ್ಕೂಟದ ಅಮುಲ್ ಎಂಬ ಹೆಸರು ಮನೆಮಾತಾದದ್ದು ಆ ನಂತರ.

ಸಮಾಜಕ್ಕಾಗಿ ನಡೆಸುವ ಉದ್ಯಮಗಳಿಂದ ಸಾಮಾನ್ಯ ಕಂಪನಿಗಳ ಮ್ಯಾನೇಜರುಗಳು ಏನು ಕಲಿಯಬಹುದು ಎಂಬ ಪ್ರಶ್ನೆ ಬಂದಾಗಲೆಲ್ಲ ಉತ್ತರವಾಗಿ ಸಿಗುವುದು ಮೌಲ್ಯ, ಕಳಕಳಿ, ಸಂವೇದನೆ ಇತ್ಯಾದಿ. ಇವೆಲ್ಲ ಒಳ್ಳೆಯ ಗುಣಗಳೇ, ಆದರೆ ಕಲಿಸಲು ಬರುವುದಿಲ್ಲ. ತರಬೇತಿ ಶಿಬಿರದಲ್ಲಂತೂ ಇಲ್ಲವೇ ಇಲ್ಲ. ಖೇಡಾದ ಪ್ರಸಂಗದಲ್ಲಿ ಕಲಿಯಬಹುದಾದದ್ದು ಬೇರೆಯೇ ಇದೆ. ಸಾಮಾನ್ಯ ಮ್ಯಾನೇಜರ್ ಕಷ್ಟದ ಗಿರಾಕಿಯನ್ನು, ಕಷ್ಟದ ಪೂರೈಕೆದಾರನನ್ನು ಬಿಟ್ಟುಬಿಡಬಲ್ಲ, ಮತ್ತು ಹಾಗೆ ಬಿಟ್ಟಾಗ ಅವನ ಬುದ್ಧಿಗೆ ಕೆಲಸವೂ ತಪ್ಪುತ್ತದೆ. ಬಿಡಲಾಗದವರು ಕೆಲಸದ ವಿಧಾನವನ್ನೇ ಬದಲಾಯಿಸಬೇಕಾಗುತ್ತದೆ. ಯಶಸ್ವಿ ಸಾಮಾಜಿಕ ಉದ್ಯಮಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಅವುಗಳ ಜಾಣ್ಮೆಯ ಬಹುಪಾಲು ಈ ಒತ್ತಡದಲ್ಲೇ ಹುಟ್ಟಿದ್ದು ಕಾಣುತ್ತದೆ.

ವ್ಯಾಪಾರಕ್ಕೂ ಸಮಾಜಕ್ಕೂ ಇರುವ ನಂಟಿನ ಚರ್ಚೆ ಹಳೆಯದು. ಕಂಪನಿಯ ಸಾಮಾಜಿಕ ಹೊಣೆ ಲಾಭ ಹೆಚ್ಚಿಸುವುದಷ್ಟೇ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದರು. ಹತ್ತು ವರ್ಷದ ಬಳಿಕ ಬಿಲ್ ಡ್ರೇಟನ್ 'ಅಶೋಕ' ಸಂಸ್ಥೆ ಕಟ್ಟಿ ಸಾಮಾಜಿಕ ಉದ್ಯಮಿಗಳನ್ನು ಹುಡುಕಿ ಬೆಂಬಲಿಸತೊಡಗಿದರು. ಮೊದಲು ಹುಡುಕಿದ್ದು ಭಾರತದಲ್ಲೇ. 2004ರಲ್ಲಿ ನಿರ್ವಹಣಾ ತಜ್ಞ ಸಿ.ಕೆ. ಪ್ರಹ್ಲಾದ್ ತಮ್ಮ ಪುಸ್ತಕದಲ್ಲಿ ಬಡವರನ್ನು ದೊಡ್ಡ ಮಾರುಕಟ್ಟೆಯಾಗಿ ತೋರಿಸಿದಾಗ ಕಂಪನಿಗಳ ಕಿವಿ ನೆಟ್ಟಗಾಯಿತು. ಕೆಲವೇ ವರ್ಷಗಳಲ್ಲಿ ಅನೀಲ್ ಕರ್ನಾನಿ ಅದನ್ನು ಮರೀಚಿಕೆ ಎಂದು ಕರೆದು, ಬಡವರಿಗೆ ಮಾರುವುದಕ್ಕಿಂತ ಬಡವರಿಂದ ಕೊಳ್ಳುವುದು, ಅವರಿಗೆ ಕೆಲಸ ಕೊಡುವುದು ಮುಖ್ಯ ಎಂದು ವಾದಿಸಿದರು. ನನಗೆ ಕರ್ನಾನಿಯವರ ಮಾತು ಹೆಚ್ಚು ಸರಿ ಎನಿಸುತ್ತದೆ. ಶಾಂಪೂವನ್ನು ಒಂದು ರೂಪಾಯಿ ಪೊಟ್ಟಣದಲ್ಲಿ ಮಾರುವುದು ಜಾಣ ವ್ಯಾಪಾರವೇ ಹೌದು. ಅದರಿಂದ ಯಾರ ಬಡತನವೂ ಕರಗಿದ್ದಿಲ್ಲ. ಆದರೂ ಪ್ರಹ್ಲಾದ್ ಹಾಕಿಕೊಟ್ಟ ಒಂದು ದಾರಿ ಉಳಿಯಿತು: ಬಡವರ ನಡುವೆ ಕೆಲಸ ಮಾಡುವ ಸಂಸ್ಥೆಗಳನ್ನು ದಾನಧರ್ಮದ ಕಣ್ಣಿನಿಂದಲ್ಲದೆ ನಿರ್ವಹಣೆಯ ಕಣ್ಣಿನಿಂದ ಓದುವುದು.

ಹಾಗೆ ಓದಲು ಕರ್ನಾಟಕದಲ್ಲೇ ಬೇಕಾದಷ್ಟಿದೆ. ಬೆಂಗಳೂರಿನಲ್ಲಿ 1995ರಲ್ಲಿ ಶುರುವಾದ ಸೆಲ್ಕೊ ಹಳ್ಳಿ ಮನೆಗಳಿಗೆ ಸೌರದೀಪ ಮಾರುವ ಕಂಪನಿ. ಅದನ್ನು ಕಟ್ಟಿದ ಹರೀಶ್ ಹಂದೆ ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದಲ್ಲಿ ಸಂಶೋಧನೆ ಮಾಡಿ ಬಂದವರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅವರು ಆಗಾಗ ಹೇಳುವ ಒಂದು ಪ್ರಸಂಗವಿದೆ. ಬೀದಿಬದಿ ವ್ಯಾಪಾರ ಮಾಡುವ ಹೆಂಗಸೊಬ್ಬಳಿಗೆ ದೀಪದ ಕಂತು ತಿಂಗಳಿಗೆ 300 ರೂಪಾಯಿ ಎಂದಾಗ ಅದು ತನ್ನ ಕೈಲಾಗದು ಎಂದಳಂತೆ. ದಿನಕ್ಕೆ 10 ಆದರೆ ಕಟ್ಟುತ್ತೇನೆ ಎಂದಳಂತೆ. ಎಂಬಿಎ ತರಗತಿಯಲ್ಲಿ ಈ ಎರಡೂ ಒಂದೇ ಮೊತ್ತ. ಅವಳಿಗೆ ಅಲ್ಲ. ಅವಳ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ, ಖರ್ಚಾಗುವುದೂ ಹಾಗೆಯೇ. ತಿಂಗಳ ಕೊನೆಗೆ ಮುನ್ನೂರು ಉಳಿಸಿ ಇಟ್ಟುಕೊಳ್ಳಲು ಅವಳಿಗೆ ಬೀರುವೂ ಇಲ್ಲ, ಸಂಬಳದ ದಿನವೂ ಇಲ್ಲ.

ಇದನ್ನು ಹಿಡಿದುಕೊಂಡು ಸೆಲ್ಕೊ ಮಾಡಿದ ಕೆಲಸ ದೀಪಕ್ಕಿಂತ ಹೆಚ್ಚಾಗಿ ಕಂತಿನದು. ಅಡಿಕೆ ಬೆಳೆಗಾರನಿಗೆ ಕೊಯ್ಲಿನ ನಂತರದ ಕಂತು, ಕೂಲಿ ಮಾಡುವವರಿಗೆ ವಾರದ ಕಂತು, ಗಾಡಿ ವ್ಯಾಪಾರಿಗೆ ದಿನದ್ದು. ಸೌರದೀಪಕ್ಕೆ ಸಾಲ ಕೊಡುವ ರೂಢಿಯೇ ಇಲ್ಲದಿದ್ದ ಕಾಲದಲ್ಲಿ ಗ್ರಾಮೀಣ ಬ್ಯಾಂಕುಗಳ ಬಾಗಿಲು ತಟ್ಟಿ ಒಬ್ಬೊಬ್ಬ ಶಾಖಾ ಮ್ಯಾನೇಜರನ್ನು ಒಪ್ಪಿಸಬೇಕಾಯಿತು. ರಿಪೇರಿಗೆ ಊರಿನ ಹತ್ತಿರವೇ ಸೇವಾ ಕೇಂದ್ರ ತೆರೆಯಬೇಕಾಯಿತು. ಮಳೆಗಾಲದಲ್ಲಿ ದೀಪ ಹತ್ತದಿದ್ದರೆ ಮುಂದಿನ ಕಂತೂ ಬರುವುದಿಲ್ಲವಲ್ಲ. ದೀಪದ ಮಾದರಿಗಳೂ ಕೆಲಸ ನೋಡಿ ಬದಲಾದವು. ಸೂಲಗಿತ್ತಿಗೆ, ನಸುಕಿನಲ್ಲಿ ಹೂ ಬಿಡಿಸುವವರಿಗೆ ಎರಡೂ ಕೈ ಬಿಡುವಾಗಿರಬೇಕು, ಅವರಿಗೆ ತಲೆಗೆ ಕಟ್ಟುವ ದೀಪ. ಬಡವರಿಗೆ ಹೊಸ ತಂತ್ರಜ್ಞಾನ ಕೊಳ್ಳಲಾಗದು, ಅದನ್ನು ನಿರ್ವಹಿಸಲೂ ಬರದು, ಅವರ ನಡುವೆ ವ್ಯಾಪಾರ ಗಿಟ್ಟದು ಎಂಬ ಮೂರು ನಂಬಿಕೆಗಳನ್ನು ಸುಳ್ಳು ಮಾಡುವುದೇ ತಮ್ಮ ಗುರಿ ಎಂದು ಕಂಪನಿ ಹೇಳಿಕೊಂಡು ಬಂದಿದೆ. ನಮ್ಮ ಗೃಹೋಪಕರಣ ಕಂಪನಿಗಳು 'ಸುಲಭ ಕಂತು' ಎಂದು ಜಾಹೀರಾತು ಕೊಡುವಾಗ ಕಂತಿನ ತಾರೀಖನ್ನು ತಿಂಗಳ ಮೊದಲ ವಾರಕ್ಕೇ ನಿಗದಿ ಮಾಡುತ್ತವೆ. ಯಾರಿಗೆ ಸುಲಭ? ಸಂಬಳದವರಿಗೆ. ದೇಶದ ದುಡಿಯುವವರಲ್ಲಿ ಹೆಚ್ಚಿನವರು ಸಂಬಳದವರಲ್ಲ ಎಂಬುದು ಆ ಕಂಪನಿಗಳ ಮಾರುಕಟ್ಟೆ ವಿಭಾಗಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ.

ದಿನದ ಲೆಕ್ಕಕ್ಕೆ ಕರಾವಳಿಯಲ್ಲಿ ಇನ್ನೂ ಹಳೆಯ ಮಾದರಿಯಿದೆ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದಾಗ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕು ತೆರೆದರು. ಮುಂದೆ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು; 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅವರು 1928ರಲ್ಲಿ ತಂದದ್ದು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟೇ ಮನೆಗೆ, ಅಂಗಡಿಗೆ ಬಂದು ಒಯ್ಯುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರನ್ನು ಬ್ಯಾಂಕು 'ಬನ್ನಿ' ಎಂದು ಕರೆಯಲಿಲ್ಲ. ಬ್ಯಾಂಕೇ ಮೆಟ್ಟಿಲಿಳಿದು ಹೋಯಿತು. ಇಂದಿಗೂ ಊರಿನ ಸಹಕಾರ ಸಂಘದ ಪಿಗ್ಮಿ ಏಜೆಂಟು ಸಂಜೆ ಹೊತ್ತು ಕಿರಾಣಿ ಅಂಗಡಿಗೆ ಬರುತ್ತಾನೆ. ಗಲ್ಲಾದಿಂದ ಅಂಗಡಿಯವ ನೂರೋ ಇನ್ನೂರೋ ತೆಗೆದುಕೊಡುತ್ತಾನೆ, ಏಜೆಂಟು ಕೈಯಲ್ಲಿನ ಪುಟ್ಟ ಯಂತ್ರದಿಂದ ಚೀಟಿ ಹರಿದು ಕೊಡುತ್ತಾನೆ, ಎರಡು ಮಾತು, ಮುಂದಿನ ಅಂಗಡಿ. ಆ ಎರಡು ಮಾತಿನಲ್ಲಿ ಯಾರ ವ್ಯಾಪಾರ ಕುಸಿದಿದೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಸಂಘಕ್ಕೆ ತಿಳಿಯುತ್ತದೆ. ಸಾಲ ಕೊಡುವವನಿಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಬೇಕೆ?

ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಕಥೆ ನಿರ್ವಹಣಾ ಶಾಲೆಗಳಲ್ಲಿ ಎಷ್ಟು ಸಲ ಪಾಠವಾಗಿದೆಯೋ ಲೆಕ್ಕವಿಲ್ಲ. ಆದರೂ ಅದನ್ನು ಬಿಟ್ಟು ಈ ಸಮೀಕ್ಷೆ ಮುಂದೆ ಹೋಗಲಾಗದು. ಡಾ. ಜಿ. ವೆಂಕಟಸ್ವಾಮಿ ಸರಕಾರಿ ಸೇವೆಯಿಂದ 58ನೇ ವಯಸ್ಸಿಗೆ ನಿವೃತ್ತರಾಗಿ 1976ರಲ್ಲಿ ಒಂದು ಮನೆಯಲ್ಲಿ 11 ಹಾಸಿಗೆಯ ಆಸ್ಪತ್ರೆ ತೆರೆದರು. ಯೌವನದಲ್ಲೇ ಬಂದ ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಕತ್ತಿ ಹಿಡಿಯುವುದನ್ನು ಅವರು ಹೊಸದಾಗಿ ಕಲಿತವರು. ಹಣ ಕೊಡಲಾಗದವರನ್ನು ವಾಪಸು ಕಳಿಸುವುದಿಲ್ಲ ಎಂಬುದು ಮೊದಲ ದಿನದ ನಿಯಮ. ಅವರಿಗೆ ಮಾದರಿಯಾಗಿ ಹಿಡಿಸಿದ್ದು ಮೆಕ್‌ಡೊನಾಲ್ಡ್ಸ್ ಎಂಬುದನ್ನು ಕೇಳಿದವರು ಮೊದಲು ನಗುತ್ತಾರೆ.

ಅಲ್ಲಿನ ಶಸ್ತ್ರಚಿಕಿತ್ಸಾ ಕೊಠಡಿ ನೋಡಿದರೆ ನಗು ನಿಲ್ಲುತ್ತದೆ. ಒಬ್ಬ ವೈದ್ಯರಿಗೆ ಅಕ್ಕಪಕ್ಕ ಎರಡು ಮೇಜು. ಒಂದರ ಮೇಲೆ ಪೊರೆ ತೆಗೆಯುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿ ಸಿದ್ಧ. ಮೊದಲಿನದು ಮುಗಿಯಿತೆಂದರೆ ಸೂಕ್ಷ್ಮದರ್ಶಕ ಆ ಕಡೆಗೆ ಹೊರಳುತ್ತದೆ, ವೈದ್ಯರೂ ಹೊರಳುತ್ತಾರೆ. ರೋಗಿಯನ್ನು ತರುವುದು, ಕಣ್ಣು ಸಿದ್ಧಪಡಿಸುವುದು, ಪಟ್ಟಿ ಕಟ್ಟುವುದು, ಧೈರ್ಯ ಹೇಳುವುದು ಎಲ್ಲವನ್ನೂ ಮಾಡುವವರು ಹಳ್ಳಿಗಳಿಂದ ಆರಿಸಿ, ಆಸ್ಪತ್ರೆಯೇ ಎರಡು ವರ್ಷ ತರಬೇತಿ ಕೊಟ್ಟು ಬೆಳೆಸಿದ ಯುವತಿಯರು. ವೈದ್ಯರು ಮಾಡುವುದು ವೈದ್ಯರೇ ಮಾಡಬೇಕಾದ ಕೆಲಸ ಮಾತ್ರ. ಹೀಗಾಗಿ ಅಲ್ಲಿ ಒಬ್ಬ ಶಸ್ತ್ರವೈದ್ಯ ವರ್ಷಕ್ಕೆ ಮಾಡುವ ಶಸ್ತ್ರಚಿಕಿತ್ಸೆಗಳು ದೇಶದ ಸರಾಸರಿಯ ಹಲವು ಪಟ್ಟು. ಉಚಿತದವರಿಗೂ ಹಣ ಕೊಟ್ಟವರಿಗೂ ಅದೇ ವೈದ್ಯರು; ವ್ಯತ್ಯಾಸವಿರುವುದು ಮಲಗುವ ಕೋಣೆಯಲ್ಲಿ. ಅರ್ಧಕ್ಕೂ ಹೆಚ್ಚು ಜನರಿಗೆ ಉಚಿತವಾಗಿ ಇಲ್ಲವೇ ತೀರಾ ಕಡಿಮೆ ದರದಲ್ಲಿ ಚಿಕಿತ್ಸೆ ಕೊಟ್ಟೂ ಆಸ್ಪತ್ರೆ ತನ್ನ ದುಡಿಮೆಯಲ್ಲೇ ಬೆಳೆದಿದೆ.

ನನ್ನ ಗಮನ ಹೆಚ್ಚು ಸೆಳೆದದ್ದು ಮಾತ್ರ ಬೇರೆ ಎರಡು ಸಂಗತಿ. ಒಂದು, ಉಚಿತ ಬೇಕೋ ಹಣ ಕೊಡುತ್ತೀರೋ ಎಂಬುದನ್ನು ರೋಗಿಯೇ ಆರಿಸಿಕೊಳ್ಳುತ್ತಾನೆ. ಬಿಪಿಎಲ್ ಕಾರ್ಡು, ಆದಾಯ ಪ್ರಮಾಣಪತ್ರ, ಜೆರಾಕ್ಸು ಯಾವುದನ್ನೂ ಕೇಳುವುದಿಲ್ಲ. ಒಂದಿಬ್ಬರು ಮೋಸ ಮಾಡುವುದರಿಂದ ಆಗುವ ನಷ್ಟಕ್ಕಿಂತ ಎಲ್ಲರನ್ನೂ ತಪಾಸಣೆ ಮಾಡುವ ಖರ್ಚು ದೊಡ್ಡದು. ಒಬ್ಬ ನೌಕರ ತಂದ ಇನ್ನೂರು ರೂಪಾಯಿಯ ಆಟೋ ಬಿಲ್ಲಿಗೆ ಮೂವರು ಸಹಿ ಹಾಕುವ ಕಚೇರಿಗಳಲ್ಲಿ ಕುಳಿತವರು ಇದನ್ನು ನಿಧಾನವಾಗಿ ಓದಬೇಕು.

ಎರಡನೆಯದು ಬಾರದವರ ಲೆಕ್ಕ. ಶಿಬಿರ ಉಚಿತ, ಶಸ್ತ್ರಚಿಕಿತ್ಸೆ ಉಚಿತ, ಆದರೂ ಕಣ್ಣು ಕಾಣದವರು ಬರುತ್ತಿರಲಿಲ್ಲ. ಯಾಕೆಂದು ಹಳ್ಳಿಗೆ ಹೋಗಿ ಕೇಳಿದರೆ ಬಸ್ ಚಾರ್ಜು, ಊಟ, ಜತೆಗೆ ಬರುವ ಮಗನ ಕೂಲಿ ಹೋಗುವುದು ಎಲ್ಲ ಸೇರಿ 'ಉಚಿತ'ದ ಬೆಲೆ ದುಬಾರಿಯಾಗಿತ್ತು. ಅರವಿಂದ ಬಸ್ಸು ಕಳಿಸಿತು, ಊಟ ಹಾಕಿತು, ಗುಂಪಾಗಿ ಕರೆತಂದು ಗುಂಪಾಗಿ ಬಿಟ್ಟುಬಂತು. ಕನ್ನಡಕ ಬರೆದುಕೊಟ್ಟರೆ ಜನ ಮಾಡಿಸಿಕೊಳ್ಳುತ್ತಿಲ್ಲ ಎಂದು ಕಂಡಾಗ ಶಿಬಿರದಲ್ಲೇ ಗಾಜು ಕತ್ತರಿಸಿ ಕೊಡತೊಡಗಿತು. ಕಣ್ಣಿನೊಳಗೆ ಇಡುವ ಮಸೂರ ಆಗ ಆಮದಾಗುತ್ತಿತ್ತು, ಬೆಲೆ ನೂರು ಡಾಲರಿನ ಆಸುಪಾಸು. 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ತಾನೇ ಮಸೂರ ತಯಾರಿಸಿ ಬೆಲೆಯನ್ನು ಹತ್ತು ಡಾಲರಿಗೆ, ಮುಂದೆ ಅದಕ್ಕೂ ಕೆಳಗೆ ಇಳಿಸಿತು. ಆ ಮಸೂರಗಳು ಇಂದು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ಸಾಮಾನ್ಯ ಕಂಪನಿ ಬಂದ ಗಿರಾಕಿಯ ತೃಪ್ತಿಯನ್ನು ಐದು ನಕ್ಷತ್ರಗಳಲ್ಲಿ ಅಳೆಯುತ್ತದೆ. ಬಾರದವನಿಗೆ ನಕ್ಷತ್ರ ಕೊಡುವ ಅವಕಾಶವೇ ಇಲ್ಲ.

ಕರ್ನಾಟಕದ ಯಶಸ್ವಿನಿ ಯೋಜನೆ ಇದೇ ಬಳಗದ್ದು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ತಿಂಗಳಿಗೆ 5 ರೂಪಾಯಿಯಲ್ಲಿ ಶಸ್ತ್ರಚಿಕಿತ್ಸೆಯ ರಕ್ಷಣೆ, ಹೃದಯ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿ ಅದರ ಹಿಂದಿದ್ದರು. ವಿಮೆ ಮಾರಲು ಹೊಸ ಪಡೆಯನ್ನು ಕಟ್ಟಲಿಲ್ಲ, ಹಾಲಿನ ಡೇರಿ, ಸೊಸೈಟಿಗಳ ಜಾಲವನ್ನೇ ಬಳಸಿಕೊಂಡರು. ನಡುವೆ ನಿಂತು 2022ರಲ್ಲಿ ಮತ್ತೆ ಶುರುವಾದ ಅದರ ಏಳುಬೀಳು ಪ್ರತ್ಯೇಕ ಲೇಖನಕ್ಕೆ ಆಗುವಷ್ಟಿದೆ.

ಮುಖ್ಯವಾಹಿನಿಯ ಕಂಪನಿಗಳು ಕಲಿತದ್ದೇ ಇಲ್ಲ ಎನ್ನಲಾಗದು. ಜನರಲ್ ಎಲೆಕ್ಟ್ರಿಕ್‌ನ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ಹಳ್ಳಿ ವೈದ್ಯರಿಗೆಂದು ಮ್ಯಾಕ್ 400 ಎಂಬ ಇಸಿಜಿ ಯಂತ್ರ ಮಾಡಿದರು. ವಿದ್ಯುತ್ ಇಲ್ಲದ ಕಡೆ ಬ್ಯಾಟರಿಯಲ್ಲಿ ನಡೆಯಬೇಕು, ಚೀಲದಲ್ಲಿ ಹಾಕಿಕೊಂಡು ಹೋಗುವಷ್ಟು ಹಗುರ ಇರಬೇಕು, ಬೆಲೆ ಹಳೆಯ ಯಂತ್ರದ ಒಂದು ಚೂರು ಇರಬೇಕು ಎಂಬ ಷರತ್ತುಗಳ ನಡುವೆ ಸಿಕ್ಕಿಕೊಂಡವರು ಮುದ್ರಣಕ್ಕೆ ಬಸ್ ಟಿಕೆಟಿನಲ್ಲಿ ಬಳಸುವಂಥ ಪುಟ್ಟ ಪ್ರಿಂಟರನ್ನೇ ಒಗ್ಗಿಸಿಕೊಂಡರು. ಈ ಜಾತಿಯ ಅಗ್ಗದ ಯಂತ್ರಗಳಿಗೆ ಮುಂದೆ ಶ್ರೀಮಂತ ದೇಶಗಳಲ್ಲೂ ಗಿರಾಕಿ ಸಿಕ್ಕಿತು.

ಇಂಥವು ಅಪರೂಪವಾಗಿಯೇ ಉಳಿದದ್ದಕ್ಕೆ ನಮ್ಮಲ್ಲಿ ಒಂದು ವಿಚಿತ್ರ ಕಾರಣವಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕೆಂದಿತು. ಶಾಲೆಗಳಿಗೆ ಶೌಚಾಲಯ ಬಂದವು, ಕೆರೆಗಳ ಹೂಳು ಎತ್ತಿದರು, ಒಳ್ಳೆಯದೇ. ಆದರೆ ಕಂಪನಿಯ ಒಳಗೆ ಸಿಎಸ್‌ಆರ್‌ಗೆ ಒಂದು ಕೋಣೆ ಮಾಡಿಕೊಟ್ಟ ಮೇಲೆ ಸಮಾಜದ ಮಾತೆಲ್ಲ ಆ ಕೋಣೆಗೆ ಹೋಯಿತು. ಖರೀದಿ ವಿಭಾಗ, ಸಾಲ ವಸೂಲಿ ವಿಭಾಗ, ನೇಮಕಾತಿ ವಿಭಾಗ ಎಂದಿನಂತೆ ನಡೆದವು. ಸಾಮಾಜಿಕ ಉದ್ಯಮಗಳ ಪಾಠ ಇರುವುದು ಈ ವಿಭಾಗಗಳಲ್ಲೇ. ಉಳಿದ ಶೇ 98 ಹೇಗೆ ಗಳಿಕೆಯಾಯಿತು ಎಂದು ಕೇಳಲು ಸಿಎಸ್‌ಆರ್ ಮ್ಯಾನೇಜರಿಗೆ ಅಧಿಕಾರವಿಲ್ಲ.

ಖರೀದಿಯನ್ನೇ ತೆಗೆದುಕೊಳ್ಳಿ. ನಮ್ಮ ಯಾವುದೇ ಹಳ್ಳಿಯ ಡೇರಿ ಮುಂದೆ ಬೆಳಿಗ್ಗೆ ಆರರ ಹೊತ್ತಿಗೆ ನಿಂತರೆ, ಕಾರ್ಯದರ್ಶಿ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುವುದು, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬುರಹಿತ ಘನಾಂಶ) ಇಷ್ಟು ಎಂದು ಹಾಲು ತಂದವಳ ಕಣ್ಣೆದುರೇ ಅಂಕಿ ಮೂಡುವುದು, ಚೀಟಿ ಅವಳ ಕೈಗೆ ಬರುವುದು ಕಾಣುತ್ತದೆ. ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. (ಸರಕಾರದ ಪ್ರೋತ್ಸಾಹಧನ ಬಾಕಿ ಬೀಳುವುದು ಬೇರೆ ವ್ಯಥೆ.) ಅತ್ತ ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪಿನವರು ದೊಡ್ಡ ಕಂಪನಿಗೆ ಬಿಡಿಭಾಗ ಕಳಿಸಿ ಬಿಲ್ ಪಾಸಾಗಲು ಕಾಯುತ್ತಾರೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳಿತ್ತು. ಅದು ಸಾಲದೆ, ಹಾಗೆ ಕೊಡದ ಮೊತ್ತಕ್ಕೆ ಆ ವರ್ಷ ಆದಾಯ ತೆರಿಗೆಯಲ್ಲಿ ಖರ್ಚಿನ ವಿನಾಯಿತಿ ಇಲ್ಲ ಎಂಬ ನಿಯಮವನ್ನು 2024ರ ಏಪ್ರಿಲ್‌ನಿಂದ ತರಬೇಕಾಯಿತು. ಪೂರೈಕೆದಾರನ ದುಡ್ಡಿನಲ್ಲಿ ತನ್ನ ಬಂಡವಾಳ ಸಾಗಿಸುವುದನ್ನು ಹಣಕಾಸು ವಿಭಾಗ ದಕ್ಷತೆ ಎಂದು ಲೆಕ್ಕ ಹಾಕುತ್ತದೆ. ಆನಂದ್‌ನಲ್ಲಿ ಹಾಗೆ ಮಾಡಿದ್ದರೆ ಮರುದಿನ ಹಾಲೇ ಬರುತ್ತಿರಲಿಲ್ಲ.

ಕಲಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಿರುಸಾಲದಷ್ಟು ಕಹಿ ಉದಾಹರಣೆ ಬೇರೆ ಬೇಡ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ ಶುರುಮಾಡಿ 1983ರಲ್ಲಿ ಬ್ಯಾಂಕಾಗಿಸಿದ ಗ್ರಾಮೀಣ್ ಪದ್ಧತಿಯಲ್ಲಿ ಐದೈದು ಜನರ ಗುಂಪು, ವಾರದ ಸಭೆ, ಪರಸ್ಪರ ಹೊಣೆ ಇದ್ದವು. ನಮ್ಮ ಕಿರುಸಾಲ ಕಂಪನಿಗಳು ಇವುಗಳನ್ನು ಚಾಚೂ ತಪ್ಪದೆ ಎತ್ತಿಕೊಂಡವು. 2010ರ ಆಗಸ್ಟ್‌ನಲ್ಲಿ ಅವುಗಳಲ್ಲೊಂದಾದ ಎಸ್‌ಕೆಎಸ್ ಷೇರುಪೇಟೆಗೆ ಬಂದಾಗ ಒಂದು ಷೇರಿನ ಬೆಲೆ 985 ರೂಪಾಯಿ. ಯೂನುಸ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಬೆಳವಣಿಗೆಯ ಗುರಿ ಬೆನ್ನಿಗೆ ಬಿದ್ದ ಮೇಲೆ ಒಬ್ಬಳೇ ಮಹಿಳೆಗೆ ಮೂರು ನಾಲ್ಕು ಕಂಪನಿಗಳು ಸಾಲ ಕೊಟ್ಟವು. ಒಂದರ ಕಂತಿಗೆ ಇನ್ನೊಂದರ ಸಾಲ. ವಾರದ ಸಭೆ ಅವಮಾನದ ಕಟಕಟೆಯಾಯಿತು. ಆತ್ಮಹತ್ಯೆಗಳ ವರದಿಗಳ ಬೆನ್ನಲ್ಲೇ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಂಧ್ರ ಸರಕಾರ ಸುಗ್ರೀವಾಜ್ಞೆ ತಂದಿತು, ವಸೂಲಿ ನಿಂತೇ ಹೋಯಿತು. ಕರ್ನಾಟಕವೂ 2025ರ ಫೆಬ್ರುವರಿಯಲ್ಲಿ ಇದೇ ಬಗೆಯ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದದ್ದನ್ನು ಓದುಗರು ಮರೆತಿರಲಾರರು. ಉಡುಪಿಯ ಪಿಗ್ಮಿ ಏಜೆಂಟೂ ಬಾಗಿಲಿಗೆ ಬರುತ್ತಿದ್ದ, ವಸೂಲಿಯವನೂ ಬಾಗಿಲಿಗೆ ಬಂದ. ಇಬ್ಬರೂ ಒಂದೇ ತಂತ್ರ ಬಳಸಿದವರು. ಮೊದಲನೆಯವನು ಮನೆಯ ಸ್ಥಿತಿ ತಿಳಿದುಕೊಂಡು ಹೋಗುತ್ತಿದ್ದ, ಎರಡನೆಯವನಿಗೆ ಅದನ್ನು ತಿಳಿಯದಿರುವುದೇ ಅನುಕೂಲವಾಗಿತ್ತು.

ಸಾಮಾಜಿಕ ಉದ್ಯಮಗಳಿಂದ ಕಲಿಯಬಾರದ್ದೂ ಇದೆ. 'ಧ್ಯೇಯ'ದ ಹೆಸರಿನಲ್ಲಿ ಕಡಿಮೆ ಸಂಬಳ, ಹೆಚ್ಚು ದುಡಿತ ಅನೇಕ ಕಡೆ ಮಾಮೂಲಾಗಿದೆ. ಅದನ್ನು ಮುಖ್ಯವಾಹಿನಿಯ ಕಂಪನಿಗಳು ಬೇಗನೆ ಕಲಿತುಬಿಡುತ್ತವೆ ಎಂಬುದೇ ನನ್ನ ಭಯ. ಸ್ಥಾಪಕರ ವರ್ಚಸ್ಸಿನ ಮೇಲೆಯೇ ನಿಂತ ಸಂಸ್ಥೆಗಳೂ ಬಹಳ. ಮಾರುಕಟ್ಟೆಯ ಹೊಡೆತಕ್ಕೆ ಇವೂ ಹೊರತಲ್ಲ. ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಕಟ್ಟಿ ಬೆಳೆಸಿದ ಚರಕ ಮಹಿಳಾ ಸಂಘ ಕೈಮಗ್ಗದ ಬಟ್ಟೆಗೆ ನಗರಗಳಲ್ಲಿ 'ದೇಸಿ' ಅಂಗಡಿಗಳ ಮೂಲಕ ಗಿರಾಕಿ ಹುಡುಕಿತು. ಅಂಥ ಸಂಸ್ಥೆಯೂ 2020ರಲ್ಲಿ ತಾನು ದಿವಾಳಿಯಾಗಿದ್ದೇನೆಂದು ಸಾರಬೇಕಾಯಿತು.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಡೆತನದ ಬಳಿ. ಅಮುಲ್‌ನ ಒಡೆಯರು ರೈತರು, ಅರವಿಂದದ ಒಡೆತನ ಟ್ರಸ್ಟಿನದು. ಸೆಲ್ಕೊ ಖಾಸಗಿ ಕಂಪನಿ. ಜರ್ಮನಿಯ ಸಹಾಯಧನದಿಂದ ಜಗತ್ತಿನಲ್ಲೆಲ್ಲ ಸೌರಫಲಕದ ಬೆಲೆ ಏರಿದ 2000ದ ದಶಕದ ನಡುವಿನ ವರ್ಷಗಳಲ್ಲಿ ಅದು ನಷ್ಟಕ್ಕೆ ಬಿತ್ತು, ಅವಸರದ ಲಾಭ ಕೇಳದ ಹೂಡಿಕೆದಾರರನ್ನು ಹುಡುಕಿಕೊಂಡು ಚೇತರಿಸಿಕೊಂಡಿತು. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ 2016ರಲ್ಲಿ ಷೇರುಪೇಟೆಗೆ ಬಂದು, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವವರ ಸಾಲಿಗೆ ಸೇರಿತು. ಅಮೆರಿಕದ ಬಟ್ಟೆ ಕಂಪನಿ ಪ್ಯಾಟಗೋನಿಯಾದ ಒಡೆಯ ಇವಾನ್ ಶ್ವಿನಾರ್ಡ್ 2022ರಲ್ಲಿ ತನ್ನ ಕುಟುಂಬದ ಷೇರುಗಳನ್ನೆಲ್ಲ ಒಂದು ಟ್ರಸ್ಟಿಗೂ ಪರಿಸರ ಕಾರ್ಯದ ಸಂಸ್ಥೆಗೂ ಬರೆದುಕೊಟ್ಟ. ಕಂಪನಿ ಯಾರ ಕೈಗೆ ಹೋದರೆ ತನ್ನ ಪದ್ಧತಿ ಉಳಿಯುವುದಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿತ್ತು.

ಷೇರುದಾರರನ್ನು ಬದಲಾಯಿಸುವುದು ಸಂಬಳದ ಮ್ಯಾನೇಜರನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಚಿಕ್ಕ ಕೆಲಸಗಳು. ಬ್ಯಾಂಕಿನವನಾದರೆ ಕಳೆದ ವರ್ಷ ತಿರಸ್ಕರಿಸಿದ ಸಾಲದ ಅರ್ಜಿಗಳನ್ನು ತೆಗೆದು, ಅವುಗಳಲ್ಲಿ ಎಷ್ಟು ಸಂಬಳದ ಚೀಟಿ ಇಲ್ಲದ ಒಂದೇ ಕಾರಣಕ್ಕೆ ಬಿದ್ದುಹೋದವು ಎಂದು ಎಣಿಸಬಹುದು. ಆನ್‌ಲೈನ್ ಮಾರಾಟದವನಾದರೆ ಸಾಮಾನು ತಲುಪಿಸದ ಪಿನ್‌ಕೋಡುಗಳ ಪಟ್ಟಿ ನೋಡಬಹುದು. ಕಾರ್ಖಾನೆಯವನಾದರೆ 45 ದಿನ ದಾಟಿದ ಬಿಲ್ಲುಗಳು ಲೆಕ್ಕಪತ್ರ ವಿಭಾಗದಲ್ಲೇ ಇರುತ್ತವೆ.